ಪರದೆಯ ಮೇಲೆ ರೆಜಿಮೆಂಟು, ಕಂಬದ ಮೇಲೆ ಗರುಡರು

ಸೈನ್ಯ ಕಟ್ಟಿಕೊಂಡು ಆಡುವುದು ಮಕ್ಕಳಿಗೆ ಹೊಸತೇನಲ್ಲ. ತೆಂಗಿನ ಮಟ್ಟೆಯೇ ಕತ್ತಿ, ಅಡಿಕೆ ಹಾಳೆಯೇ ಗುರಾಣಿ, ಕೆರೆಯ ಏರಿಯೇ ಕೋಟೆ. ಅರಸೀಕೆರೆ ಸೀಮೆಯಲ್ಲಿ ತೆಂಗಿನ ಮಟ್ಟೆಗೆ ಬರವೂ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡೂ ಕಡೆಯ ಸೇನಾಪತಿಗಳು ಕೈಕಾಲು ತೊಳೆದು ಒಳಗೆ ಸೇರಿಕೊಂಡರೆ ಯುದ್ಧ ಅಲ್ಲಿಗೆ ಮುಗಿಯುತ್ತಿತ್ತು. ಈಗಿನ ಯುದ್ಧ ದೀಪ ಹಚ್ಚಿದ ಮೇಲೆ ಶುರುವಾಗುತ್ತದೆ. ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿಕೊಳ್ಳುತ್ತಾನೆ. ಒಳಗಿನಿಂದ ಕೇಳಿಬರುವುದು ಅವನೊಬ್ಬನ ಮಾತು ಮಾತ್ರ. ಯಾರಿಗೋ ಆಜ್ಞೆ ಮಾಡುತ್ತಾನೆ, ಇನ್ಯಾರದೋ ಆಜ್ಞೆಗೆ ಹೂಂಗುಟ್ಟುತ್ತಾನೆ. ಹೊರಗೆ ಕುಳಿತ ತಾಯಿತಂದೆಯರಿಗೆ ಇದು ಒಗಟು.

ಆ ಒಗಟನ್ನು ಸ್ವಲ್ಪ ಬಿಡಿಸಿ ನೋಡಬಹುದು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಮೊಬೈಲಿನಲ್ಲಿ ನಾಲ್ವರು ಸೇರಿ ಆಡುವ ಆಟ. ಪಬ್‌ಜಿಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ಮರಳಿತು. ಮಾರನೆಯ ವರ್ಷ ಅದಕ್ಕೂ ತಡೆ ಬಿತ್ತು, 2023ರ ಮೇ ತಿಂಗಳಲ್ಲಿ ತಡೆ ತೆರವಾಯಿತು. ಅಲ್ಲಿನ ತಂಡ ಎಂದರೆ ಚೌಕಾಬಾರಕ್ಕೆ ಕೂತ ನಾಲ್ವರಿದ್ದಂತೆ. ಆಟ ಮುಗಿದರೆ ತಂಡವೂ ಮುಗಿಯಿತು.

ಇದಕ್ಕಿಂತ ಬೇರೆಯ, ಹೆಚ್ಚು ಕುತೂಹಲ ಹುಟ್ಟಿಸುವ ಬಗೆಯೊಂದಿದೆ. ಟರ್ಕಿ ದೇಶದ ಕಂಪನಿಯೊಂದು ತಯಾರಿಸಿದ 'ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್' ಎಂಬ ಕಂಪ್ಯೂಟರ್ ಆಟಕ್ಕೆ 2012ರಲ್ಲಿ ನೆಪೋಲಿಯನ್ ಕಾಲದ ಯುದ್ಧಗಳ ಒಂದು ಭಾಗ ಸೇರಿತು. ಒಂದೇ ರಣರಂಗದಲ್ಲಿ 200 ಮಂದಿ, ಬೇರೆ ಬೇರೆ ದೇಶಗಳಲ್ಲಿ ಕುಳಿತವರು, ಒಟ್ಟಿಗೆ ಆಡಬಹುದಾಯಿತು. ಆಟಗಾರರು ತಾವಾಗಿಯೇ ರೆಜಿಮೆಂಟುಗಳನ್ನು ಕಟ್ಟಿಕೊಂಡರು. ಚರಿತ್ರೆಯಲ್ಲಿ ನಿಜವಾಗಿ ಇದ್ದ ಯಾವುದಾದರೊಂದು ರೆಜಿಮೆಂಟಿನ ಸಂಖ್ಯೆ, ಅದರ ಸಮವಸ್ತ್ರದ ಬಣ್ಣ, ಅದರ ಬಾವುಟ ಇವರದಾಯಿತು. ಹೊಸದಾಗಿ ಸೇರಿದವನು ಸಿಪಾಯಿ. ತಪ್ಪದೆ ಹಾಜರಾಗಿ ಕವಾಯತು ಕಲಿತರೆ ಕಾರ್ಪೋರಲ್, ಆಮೇಲೆ ಸಾರ್ಜೆಂಟ್. ವಾರದ ಇಂತಿಂಥ ದಿನ, ಇಷ್ಟು ಗಂಟೆಗೆ ಯುದ್ಧ ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಅದೇ ದಾರಿಯಲ್ಲಿ ಮುಂದೆ 'ಹೋಲ್ಡ್‌ಫಾಸ್ಟ್', ಅಮೆರಿಕದ ಅಂತರ್ಯುದ್ಧದ 'ವಾರ್ ಆಫ್ ರೈಟ್ಸ್' ಮೊದಲಾದ ಆಟಗಳೂ ಬಂದವು.

ಈ ಯುದ್ಧಗಳಿಗೆ ಒಂದು ಕಟ್ಟಳೆ ಉಂಟು. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೆ ಮಾತ್ರ ಗುಂಡು ಹಾರಿಸಬೇಕು. ಸತ್ತವನು ಆ ಸುತ್ತು ಮುಗಿಯುವವರೆಗೂ ಸುಮ್ಮನೆ ನೋಡುತ್ತ ಕೂರಬೇಕು. ಸ್ವಾರಸ್ಯವೆಂದರೆ ಈ ನಿಯಮವನ್ನು ಹಾಕಿದ್ದು ಕಂಪ್ಯೂಟರ್ ಅಲ್ಲ. ಕಂಪ್ಯೂಟರ್ ಯಾರನ್ನೂ ಎಲ್ಲಿಗಾದರೂ ಓಡಲು ಬಿಡುತ್ತದೆ. ಎಲ್ಲಿ ಬೇಕಾದರೂ ಓಡಬಹುದಾದ ಕಡೆ, ಸಾಲಿನಲ್ಲಿ ನಿಲ್ಲುತ್ತೇವೆಂದು ಹುಡುಗರು ತಾವೇ ಒಪ್ಪಿಕೊಂಡಿದ್ದಾರೆ. ಶಾಲೆಯ ಪ್ರಾರ್ಥನೆಗೆ ಸಾಲು ನಿಲ್ಲಿಸಲು ಪರದಾಡುವ ದೈಹಿಕ ಶಿಕ್ಷಕರು ಇದನ್ನು ಕೇಳಿದರೆ ನಕ್ಕಾರು!

ಆದರೆ ಸಾಲು ಏಕೆ? ಬಂದೂಕು ಹಿಡಿದವನು ಮರದ ಮರೆಯಲ್ಲಿ ನಿಂತು ಹೊಡೆಯಬಾರದೇ? ಉತ್ತರ ಆ ಕಾಲದ ಬಂದೂಕಿನ ನಳಿಗೆಯಲ್ಲಿದೆ. ಬ್ರಿಟಿಷ್ ಸೈನಿಕನ 'ಬ್ರೌನ್ ಬೆಸ್' ಕೋವಿಯ ನಳಿಗೆಯ ಒಳವ್ಯಾಸ ಸುಮಾರು 19 ಮಿಲಿಮೀಟರ್, ಅದಕ್ಕೆ ಹಾಕುವ ಸೀಸದ ಗುಂಡಿನದು ಸುಮಾರು 17.5. ಮದ್ದಿನ ಮಸಿ ಕಟ್ಟಿಕೊಂಡ ನಳಿಗೆಯಲ್ಲೂ ಗುಂಡು ಸಲೀಸಾಗಿ ಇಳಿಯಲೆಂದು ಇಷ್ಟು ಸಡಿಲ ಬಿಟ್ಟಿದ್ದರು. ಹಾರುವಾಗ ಗುಂಡು ನಳಿಗೆಯ ಆ ಗೋಡೆಗೆ ಈ ಗೋಡೆಗೆ ಬಡಿಯುತ್ತ ಬಂದು, ಕೊನೆಯ ಬಡಿತ ಎತ್ತ ತಳ್ಳಿತೋ ಅತ್ತ ಹೋಗುತ್ತದೆ. ಒಳಗೆ ಸುರುಳಿಗೆರೆ ಇಲ್ಲದ್ದರಿಂದ ನೇರ ಸಾಗಲು ಬೇಕಾದ ತಿರುಗುವಿಕೆಯೂ ಗುಂಡಿಗೆ ಇಲ್ಲ. ನೂರು ಗಜದಾಚೆ ಒಬ್ಬನನ್ನು ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತು. ಒಂದು ಗುಂಡಿಗೆ ಗುರಿ ಇಲ್ಲದಿದ್ದರೇನು, ನೂರು ಗುಂಡು ಒಟ್ಟಿಗೆ ಹಾರಿದರೆ ಕೆಲವಾದರೂ ತಗಲುತ್ತವೆ. ಸಾಲು, ಕವಾಯತು, ಒಂದೇ ಆಜ್ಞೆಗೆ ಒಂದೇ ಸಲ ಹಾರುವ ಗುಂಡು ಎಲ್ಲವೂ ಆ ಒಂದೂವರೆ ಮಿಲಿಮೀಟರ್ ಸಂದಿನಿಂದ ಹುಟ್ಟಿದ ಶಿಸ್ತು ಎಂದರೂ ಸಲ್ಲುತ್ತದೆ. ಆಟದ ತಯಾರಕರು ಈ ಅನಿಶ್ಚಿತತೆಯನ್ನು ಬೇಕೆಂದೇ ಲೆಕ್ಕದಲ್ಲಿ ಸೇರಿಸಿರುತ್ತಾರೆ. ಹುಡುಗ ಎಷ್ಟು ಸರಿಯಾಗಿ ಗುರಿಯಿಟ್ಟರೂ ಗುಂಡು ಚದುರುತ್ತದೆ. ಪ್ರಯೋಗಶಾಲೆಯಲ್ಲಿ ಸಂಭವನೀಯತೆಯ ಪಾಠ ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತುವುದು ಅಪರೂಪ.

ರೆಜಿಮೆಂಟಿನ ಹೆಸರನ್ನು ಇಟ್ಟುಕೊಂಡವರಿಗೆ ಅದರ ಚರಿತ್ರೆ ಎಷ್ಟು ಗೊತ್ತು ಎಂಬುದು ಬೇರೆ ಪ್ರಶ್ನೆ. ಹುಡುಗನೊಬ್ಬ ಬ್ರಿಟಿಷರ 33ನೇ ಪದಾತಿ ರೆಜಿಮೆಂಟಿನ ಹೆಸರಿನ ತಂಡಕ್ಕೆ ಸೇರಿದನೆಂದಿಟ್ಟುಕೊಳ್ಳಿ. ಕೆಂಪು ಕೋಟು, ವಾಟರ್ಲೂ ಕದನದ ಕೀರ್ತಿ ಎಲ್ಲ ಅವನಿಗೆ ಬಾಯಿಪಾಠವಾಗುತ್ತದೆ. ಇದೇ 33ನೇ ರೆಜಿಮೆಂಟು ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲೆಯಲ್ಲಿ ದಾರಿ ತಪ್ಪಿ, ಟಿಪ್ಪುವಿನ ಪಡೆಯ ಕೈಯಲ್ಲಿ ಪೆಟ್ಟು ತಿಂದು ಹಿಂತಿರುಗಿತು. ಮಾರನೆಯ ದಿನ ತೋಪು ಬ್ರಿಟಿಷರ ವಶವಾಯಿತು, ಮೇ 4ರಂದು ಕೋಟೆಯೂ ಬಿತ್ತು. ಬೇಲೂರು, ಮಂಜರಾಬಾದ್ ಕಡೆಯ ಬಲಂ ಸೀಮೆಯ ಪಾಳೆಯಗಾರನ ಮೇಲೆ 1802ರಲ್ಲಿ ದಂಡೆತ್ತಿ ಬಂದವನೂ ಇದೇ ವೆಲ್ಲೆಸ್ಲಿ. ಆ ಪಾಳೆಯಗಾರನನ್ನು ಹಿಡಿದು ಗಲ್ಲಿಗೆ ಹಾಕಿದರು. ವಾಟರ್ಲೂ ಬಂದದ್ದು ಇದಾಗಿ ಹದಿಮೂರು ವರ್ಷಕ್ಕೆ. ಆಟದಲ್ಲಿ ಕೆಂಪು ಕೋಟು ತೊಡುವುದರಲ್ಲಿ ತಪ್ಪೇನಿಲ್ಲ. ಆ ಕೋಟು ತನ್ನ ತಾಲ್ಲೂಕಿನವರೆಗೂ ಬಂದಿತ್ತೆಂದು ತಿಳಿದು ತೊಟ್ಟರೆ ಒಳ್ಳೆಯದು.

ನಮ್ಮವರದೇ ಪಡೆ ಬೇಕೆಂದರೆ ಮೈಸೂರು ಲ್ಯಾನ್ಸರ್ಸ್ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ಇವರಿದ್ದರು. ಎದುರಿಗೆ ಮೆಷಿನ್‌ಗನ್ನು, ಇವರ ಕೈಯಲ್ಲಿ ಭರ್ಜಿ. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ಇನ್ನು ಮನೆಯ ಜಗಳಕ್ಕೆ ಬರೋಣ. "ಲೋ, ಅನ್ನ ಆರ್ತಾ ಇದೆ, ಬಾರೋ" ಎಂದು ತಾಯಿ ಕರೆಯುತ್ತಾಳೆ. "ಒಂದ್ನಿಮ್ಷ ಅಮ್ಮಾ" ಎಂದು ಒಳಗಿನಿಂದ ಉತ್ತರ ಬರುತ್ತದೆ. ಆ ಒಂದು ನಿಮಿಷ ಇಪ್ಪತ್ತು ನಿಮಿಷವಾಗುತ್ತದೆ. ಹುಡುಗ ಉದ್ಧಟ ಎಂದು ತೀರ್ಮಾನಿಸುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಹಳೆಯ ವಿಡಿಯೋ ಆಟವನ್ನು ಗುಂಡಿ ಒತ್ತಿ ನಡುವೆ ನಿಲ್ಲಿಸಬಹುದಿತ್ತು. ಇದನ್ನು ನಿಲ್ಲಿಸಲಾಗದು. ಉಳಿದ 199 ಮಂದಿಗೆ ಅರಸೀಕೆರೆಯಲ್ಲಿ ಅನ್ನ ಆರುತ್ತಿದೆ ಎಂಬುದು ಗೊತ್ತಿಲ್ಲ. ನಡುವೆ ಎದ್ದರೆ ಸಾಲಿನಲ್ಲಿ ಒಂದು ಜಾಗ ಖಾಲಿ. ಪದೇ ಪದೇ ಹಾಗಾದರೆ ತಂಡದವರು ಅವನ ಪಟ್ಟ ಕೀಳುತ್ತಾರೆ. ಆದ್ದರಿಂದ "ಈಗಲೇ ನಿಲ್ಲಿಸು" ಎಂಬುದಕ್ಕಿಂತ "ಈ ಸುತ್ತು ಎಷ್ಟು ಹೊತ್ತಿನದು? ಅದು ಮುಗಿದ ಮೇಲೆ ಇನ್ನೊಂದು ಬೇಡ" ಎಂಬ ಮಾತು ನಡೆಯುತ್ತದೆ. ಆ ಮಾತಿಗೆ ಹುಡುಗನೂ ಕಟ್ಟುಬೀಳಬೇಕು ಎನ್ನುವುದು ಸರಿಯೇ.

ಸೋತು ಎದ್ದುಬಂದ ದಿನ ಅವನು ದೂರುವುದು ನೆಟ್‌ವರ್ಕನ್ನು. ಅದು ಪೂರ್ತಿ ಸುಳ್ಳಲ್ಲ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಸನ ಜಿಲ್ಲೆಯಿಂದ ಸಿಂಗಪುರ ನೇರವಾಗಿ ಸುಮಾರು 3,300 ಕಿ.ಮೀ. ಆಟದ ಯಂತ್ರ ಅಲ್ಲಿದ್ದರೆ ಹೋಗಿ ಬರಲು ಕನಿಷ್ಠ 33 ಮಿಲಿಸೆಕೆಂಡು. ಯುರೋಪಿನ ನಡುಭಾಗಕ್ಕೆ 7,500 ಕಿ.ಮೀ. ಹಿಡಿದರೆ 75. ಸಮುದ್ರದಡಿಯ ಕೇಬಲ್ ಸುತ್ತಿಬಳಸಿ ಹೋಗುವುದರಿಂದ, ನಡುವೆ ಹತ್ತಾರು ಕಡೆ ತಂಗುವುದರಿಂದ ನಿಜವಾಗಿ ತಗಲುವುದು ಇದರ ಎರಡರಷ್ಟೋ ಇನ್ನೂ ಹೆಚ್ಚೋ. ಇದು ದೊಡ್ಡದೇ ಎಂದು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಬ್ಬರು 30 ಸೆಂಟಿಮೀಟರಿನ ಸ್ಕೇಲನ್ನು ನೇರ ತೂಗುಬಿಟ್ಟು ಹಿಡಿಯಿರಿ, ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಎರಡು ಬೆರಳು ತೆರೆದಿಟ್ಟುಕೊಳ್ಳಿ. ಹೇಳದೆ ಬಿಟ್ಟುಬಿಡಿ. 20 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ ಆ ಬೆರಳಿನ ಒಡೆಯ ತೆಗೆದುಕೊಂಡ ಕಾಲ 0.2 ಸೆಕೆಂಡು, ಅಂದರೆ 200 ಮಿಲಿಸೆಕೆಂಡು. ಬೀಳುವ ವಸ್ತುವಿನ ಸೂತ್ರ ಬಲ್ಲ ವಿದ್ಯಾರ್ಥಿಗಳು ತಾಳೆ ನೋಡಿಕೊಳ್ಳಬಹುದು. ಕಣ್ಣು ಕಂಡು ಕೈ ಆಡುವ ಹೊತ್ತೇ ಇಷ್ಟಿರುವಾಗ ತಂತಿಯಲ್ಲಿ ಇನ್ನೊಂದು 150 ಸೇರಿದರೆ ಎದುರಾಳಿ ಮೊದಲೇ ಹೊಡೆದಿರುತ್ತಾನೆ. ಯಾರ ಪರದೆಯಲ್ಲಿ ಯಾವಾಗ ಏನು ಕಂಡಿತ್ತು ಎಂದು ಹಿಂದಕ್ಕೆ ತಿರುಗಿ ಲೆಕ್ಕಹಾಕಿ ತೀರ್ಪು ಕೊಡುವ ಏರ್ಪಾಟು ಎಷ್ಟೋ ಆಟಗಳಲ್ಲಿದೆ. ಕೆರೆ ಏರಿಯ ಮೇಲೆ "ನಂಗೆ ತಗುಲ್ಲೇ ಇಲ್ಲ" ಎಂದು ನಡೆಯುತ್ತಿದ್ದ ಜಗಳವೇ ಈಗ ಸಿಂಗಪುರದಲ್ಲಿ ತೀರ್ಮಾನವಾಗುತ್ತದೆ, ಅಷ್ಟೆ.

ನೆಟ್‌ವರ್ಕಿನ ದೂರು ತಮಾಷೆಯದು. ತಮಾಷೆಯಲ್ಲದವು ಬೇರೆ ಇವೆ. ನಿದ್ರೆ ಮೊದಲನೆಯದು. ಪಶ್ಚಿಮದ ದೇಶಗಳ ಸಂಜೆಗೆ ಇಟ್ಟ ಯುದ್ಧ ಇಲ್ಲಿಯವರಿಗೆ ನಡುರಾತ್ರಿಯದು. ಹಣ ಕಟ್ಟಿ ಆಡುವ ಆಟಗಳದು ಇನ್ನೊಂದು ಜಾತಿ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅವನ್ನು ನಿಷೇಧಿಸಿ, ಸ್ಪರ್ಧೆಯಾಗಿ ಆಡುವ ಇ-ಕ್ರೀಡೆಗೆ ಮನ್ನಣೆ ಕೊಟ್ಟಿತು. ಆಟ ಚಟವಾಗಿ ಓದು, ಊಟ, ಸ್ನೇಹಗಳನ್ನೆಲ್ಲ ತಳ್ಳಿಹಾಕಿ ತಿಂಗಳುಗಟ್ಟಲೆ ಮುಂದುವರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯ 2014ರಲ್ಲಿ ಶುರುವಾಯಿತು. ಆಡುವ ಹುಡುಗರೆಲ್ಲ ರೋಗಿಗಳಲ್ಲ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವೂ ಅಲ್ಲ.

ಈ ಎಲ್ಲದರ ನಡುವೆ ಅರಸೀಕೆರೆ, ಬೇಲೂರು, ಹಳೇಬೀಡಿನ ಮಕ್ಕಳಿಗೆ ಕಾಣದೆ ಹೋಗುವುದೆಂದರೆ ಕೈಗೆಟುಕುವ ದೂರದಲ್ಲೇ ಇರುವ ಒಂದು ನಿಜವಾದ ರೆಜಿಮೆಂಟು. ಹೊಯ್ಸಳರ ಹೆಸರೇನೋ ಎಲ್ಲೆಡೆ ಇದೆ. ಬೆಂಗಳೂರಿನ ಪೊಲೀಸ್ ಗಸ್ತು ವಾಹನವೂ ಹೊಯ್ಸಳವೇ. ಭಾರತೀಯ ವಾಯುಪಡೆ 2004ರಲ್ಲಿ ಕಟ್ಟಿದ ಕಮಾಂಡೋ ದಳಕ್ಕೆ ಗರುಡನ ಹೆಸರಿದೆ. ಆದರೆ ಹೊಯ್ಸಳರ ಗರುಡರು ಯಾರು ಎಂದು ಕೇಳಿದರೆ ಪ್ರವಾಸಕ್ಕೆ ಬಂದ ಶಾಲೆಯ ಬಸ್ಸಿನಲ್ಲಿ ಕೈ ಎತ್ತುವವರು ಕಡಿಮೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳ ಜೊತೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಂದವರೆಲ್ಲ ಗೋಡೆಯ ಶಿಲ್ಪಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಹೊರಗೆ ಒಂದು ಕಂಬ ಇದೆ. ಅದರ ಮೈಮೇಲೆ ಶಾಸನ, ನಡುಭಾಗದಲ್ಲಿ ಸುತ್ತಲೂ ಸಣ್ಣ ಸಣ್ಣ ವೀರರ ಉಬ್ಬುಚಿತ್ರ. ಹತ್ತಿರ ಹೋಗಿ ನೋಡಿದರೆ ಆ ವೀರರ ಕತ್ತಿ ಶತ್ರುವಿನ ಕಡೆ ತಿರುಗಿಲ್ಲ. ತಮ್ಮ ತಲೆಯನ್ನೇ ತಾವು ಕತ್ತರಿಸಿಕೊಳ್ಳುತ್ತಿದ್ದಾರೆ.

ಶಾಸನ ಹೇಳುವುದು ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಥೆ. ಅರಸ ಅವನನ್ನು ಮಗನಂತೆ ಸಾಕಿ ಬೆಳೆಸಿದ. ಅವನು ಅರಸನ ಜೊತೆಯೇ ಬಾಳು, ಅರಸನ ಜೊತೆಯೇ ಸಾವು ಎಂದು ಪ್ರತಿಜ್ಞೆ ಮಾಡಿ, ಅದರ ಗುರುತಾಗಿ ಕಾಲಿಗೆ ತೊಡರು ತೊಟ್ಟ. ಅವನ ಜೊತೆ ಅದೇ ಮಾತು ಕೊಟ್ಟವರು ಸಾವಿರ ಮಂದಿ ವೀರರು. 1173ರಿಂದ ಆಳಿದ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಆ ಸಾವಿರ ಮಂದಿ ಪ್ರಾಣ ಬಿಟ್ಟರು. ವಿಷ್ಣುವಿಗೆ ಗರುಡ ಹೇಗೋ ಅರಸನಿಗೆ ಇವರು ಹಾಗೆ ಎಂಬ ಭಾವನೆಯಿಂದ ಇಂಥವರನ್ನು ಗರುಡರೆಂದು ಕರೆದರು. ಅರಸೀಕೆರೆಯ ನಕ್ಷತ್ರಾಕಾರದ ಮಂಟಪವುಳ್ಳ ಶಿವಾಲಯ ಕೂಡ ಸುಮಾರು ಅದೇ ಹೊತ್ತಿನದು. ಒಂದು ಕಡೆ ಕಲ್ಲುಕುಟಿಗರು ಅಷ್ಟು ನಾಜೂಕಾಗಿ ಕೆತ್ತುತ್ತಿದ್ದ ನಾಡಿನಲ್ಲಿ ಇನ್ನೊಂದು ಕಡೆ ಈ ಕಂಬ ನಿಂತಿತು.

ಇಂಥ ಮಾತಿಗೆ ವೇಳೆವಾಳಿ ಎಂದು ಹೆಸರು. ವೇಳೆ ಬಂದಾಗ ಒಡೆಯನಿಗಾಗಿ ಪ್ರಾಣ ಕೊಡುತ್ತೇನೆಂಬ ಒಪ್ಪಂದ. ಅದರ ಪಕ್ಕದಲ್ಲೇ ಜೋಳವಾಳಿ ಎಂಬ ಇನ್ನೊಂದು ಮಾತು ಇದೆ. ಉಂಡ ಜೋಳದ ಋಣ ತೀರಿಸುವುದು ಎಂದರ್ಥ. ಇವುಗಳ ಹಿನ್ನೆಲೆಯನ್ನು ತಿಳಿಯಬಯಸುವ ದೊಡ್ಡ ತರಗತಿಯ ವಿದ್ಯಾರ್ಥಿಗಳು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಓದಬಹುದು. ಅನ್ನ ಕೊಟ್ಟವನು ಸಾಮಂತನಾಗಿರಲಿ ಅರಸನಾಗಿರಲಿ, ಋಣ ಅವನಿಗೆ ಸಲ್ಲಬೇಕಿತ್ತು. ಆ ಹಳೆಯ ಲೆಕ್ಕವನ್ನೇ ಹಿಡಿದರೆ ಹೆಡ್‌ಫೋನ್ ಹಾಕಿಕೊಂಡ ಸಾರ್ಜೆಂಟನ ಜೋಳವಾಳಿ ಯಾರಿಗೆ ಸಲ್ಲಬೇಕು? ಅವನ ರೆಜಿಮೆಂಟು ಅವನಿಗೆ ಒಂದು ತುತ್ತನ್ನೂ ಹಾಕಿಲ್ಲ. ಅನ್ನ ಆರುತ್ತಿರುವುದು ಅಡುಗೆಮನೆಯಲ್ಲಿ.

ಗರುಡರನ್ನು ಕೊಂಡಾಡಿ ಸುಮ್ಮನಾಗುವುದೂ ಸರಿಯಲ್ಲ. ಅರಸನಿಗೆ ಅಂಟಿಕೊಂಡವರು ಅವನ ಜೊತೆಯೇ ಹೋಗುತ್ತಾರೆಂದರೆ ಅವನನ್ನು ಕಾಪಾಡಲು ಅವರು ಏನನ್ನೂ ಮಾಡಿಯಾರು. ಅರಸನ ಮಟ್ಟಿಗೆ ಇದಕ್ಕಿಂತ ಭದ್ರವಾದ ಕಾವಲಿಲ್ಲ. ಆದರೆ ಅನುಭವಿ ದಂಡನಾಯಕನೊಬ್ಬ, ಅವನ ಕೈಕೆಳಗೆ ಪಳಗಿದ ಪಡೆ, ಒಂದೇ ದಿನ ಇಲ್ಲವಾಗುವುದು ನಾಡಿಗೆ ಲಾಭವೇ? ಬಲ್ಲಾಳನ ಮಗ ನರಸಿಂಹ ಪಟ್ಟಕ್ಕೆ ಬಂದ ಹೊತ್ತಿನಲ್ಲಿ ಅವನಿಗೆ ಬೇಕಾಗಿದ್ದವರು ಇಂಥವರೇ ಅಲ್ಲವೇ? ಕಂಬದ ಶಾಸನ ನಿಷ್ಠೆಯನ್ನು ಹೊಗಳುತ್ತದೆ. ಹಿಂದೆ ಉಳಿದ ಮಕ್ಕಳನ್ನು ಯಾರು ನೋಡಿಕೊಂಡರು ಎಂದು ಕೇಳುವ ಕೆಲಸ ಈಗ ಓದುವವರದು.

ಮಕ್ಕಳ ಮಾತು ಬಂದಾಗ ಇನ್ನೊಂದು ಊರನ್ನೂ ನೆನೆಯಬೇಕು. ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ತುದಿಯಲ್ಲಿ ಆನೆಯಿರುವ ಹೊಯ್ಸಳರ ಕಾಲದ ಕಂಬಗಳಿವೆ. ಅವು ಸಾರುವುದು ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರ ಗರುಡರಾಗಿ ಅರಸರ ಜೊತೆ ಸತ್ತ ಸಂಗತಿಯನ್ನು. ಹೆಂಡತಿಯರು, ಲೆಂಕರು, ಲೆಂಕತಿಯರು ಎಂದರೆ ಆಳುಮಕ್ಕಳು, ಅವರೂ ಲೆಕ್ಕದಲ್ಲಿದ್ದಾರೆ. ಕುವರ ಲಕ್ಷ್ಮ ಪ್ರತಿಜ್ಞೆ ಮಾಡಿದ್ದು ತಾನಾಗಿ. ಬಾಚಹಳ್ಳಿಯ ಮನೆಯಲ್ಲಿ ಹುಟ್ಟಿದ ಕೂಸಿಗೆ ಮಾತು ಬರುವ ಮೊದಲೇ ಅದರ ಮಾತನ್ನು ಹಿರಿಯರು ಕೊಟ್ಟಾಗಿತ್ತು. ಪರದೆಯ ಮೇಲಿನ ರೆಜಿಮೆಂಟನ್ನು ಹುಡುಗ ಇಷ್ಟಪಟ್ಟು ಸೇರುತ್ತಾನೆ, ಬೇಸರವಾದರೆ ಬಿಡುತ್ತಾನೆ, ಸತ್ತರೆ ಮುಂದಿನ ಸುತ್ತಿಗೆ ಎದ್ದು ನಿಲ್ಲುತ್ತಾನೆ. ತಾಯಿತಂದೆಯರು ಆಟವನ್ನು ಬೈಯುವಾಗ ಇದನ್ನೂ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕುವುದು ನ್ಯಾಯ.

ಬೇಲೂರಿಗೆ ಹೋಗಿ 16 ಕಿಲೋಮೀಟರ್ ದೂರದ ಹಳೇಬೀಡಿಗೆ ಬರುವ ಶಾಲಾ ಪ್ರವಾಸಗಳಲ್ಲಿ ಈ ಕಂಬಕ್ಕೆ ಹತ್ತು ನಿಮಿಷ ಎತ್ತಿಡುವುದು ಕಷ್ಟವಲ್ಲ. ಬರಹ ಹಳಗನ್ನಡದ್ದು. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟದಲ್ಲಿ ಅದರ ಪಾಠವಿದೆ, ಕನ್ನಡ ಮೇಷ್ಟರು ಮೊದಲೇ ನಕಲು ಮಾಡಿಕೊಂಡು ಹೋದರೆ ಸಾಲು ಸಾಲಾಗಿ ತಾಳೆ ನೋಡಬಹುದು. ಲಕ್ಷ್ಮ, ಸುಗ್ಗಲದೇವಿ, ಸಾವಿರ ವೀರರು ಕಂಬವನ್ನೇರಿ ಗರುಡನೊಡನೆ ಒಂದಾದರೆಂಬ ಮಾತಿನವರೆಗೂ ಬರಹ ಬರುತ್ತದೆ. ಅದರ ಮುಂದೆ ಶಾಸನ ಪೂರ್ತಿಯಾಗಿಲ್ಲ. ಕೆತ್ತುತ್ತಿದ್ದವನು ಏಕೋ ಅಲ್ಲಿಗೆ ಉಳಿ ಎತ್ತಿಟ್ಟಿದ್ದಾನೆ.